ಆಟವೂ ಅವಧಾನವೂ

ಮನಸ್ಸು ಚಂಚಲವೆಂಬುದು ನಮ್ಮ ಹಿರಿಯರು ಕಂಡ ಸತ್ಯ. ಆ ಚಾಂಚಲ್ಯಕ್ಕೆ ಮೆದುಳಿನಲ್ಲಿರುವ ಕಾರಣವನ್ನು ವಿದ್ಯಾರ್ಥಿಗಳಿಗೆ ತಿಳಿಯಪಡಿಸುವುದೂ ಗುರುವಾದವನ ಕರ್ತವ್ಯವೇ ಸರಿ. ವಿಡಿಯೊ ಆಟಗಳ ವಿಷಯದಲ್ಲಿ ಇದರ ಅವಶ್ಯಕತೆ ನಮಗೆ ಚೆನ್ನಾಗಿ ಮನದಟ್ಟಾಗಿದೆ.

ಕಳೆದ ವರ್ಷ ಶ್ರೀಮಠದ ಪ್ರಸಾದನಿಲಯದ ವಿದ್ಯಾರ್ಥಿಯೊಬ್ಬನ ತಂದೆ ಬಂದು, "ಬುದ್ಧೀ, ಹುಡುಗ ಮೊಬೈಲಿನ ಆಟಕ್ಕೆ ಬಿದ್ದು ಓದನ್ನೇ ಬಿಟ್ಟಿದ್ದಾನೆ. ಇನ್ನು ಆಡುವುದಿಲ್ಲವೆಂದು ಲಿಂಗ ಮುಟ್ಟಿಸಿ ಆಣೆ ಮಾಡಿಸಬೇಕು" ಎಂದು ಬೇಡಿಕೊಂಡರು. ನಾವು ಒಪ್ಪಲಿಲ್ಲ. ಭಯದಿಂದ ಬಿಟ್ಟುದು ಭಯ ತೀರಿದೊಡನೆ ಮರಳಿ ಬರುತ್ತದೆ. ಆಣೆ ಮುರಿದ ಹುಡುಗ ಇಷ್ಟಲಿಂಗದಿಂದಲೂ ದೂರ ಸರಿಯುತ್ತಾನೆ. ಅದಕ್ಕೆ ಬದಲಾಗಿ ಸಾಯಂಪ್ರಾರ್ಥನೆಯ ನಂತರ ಎಲ್ಲ ವಿದ್ಯಾರ್ಥಿಗಳನ್ನೂ ಕೂರಿಸಿಕೊಂಡು ಆಟದ ಮರ್ಮವನ್ನು ವಿವರಿಸಿದೆವು.

1998ರಲ್ಲಿ ಲಂಡನ್ನಿನ ವಿಜ್ಞಾನಿಗಳು 8 ಮಂದಿಗೆ ಟ್ಯಾಂಕ್ ನಡೆಸುವ ಆಟವನ್ನಾಡಿಸಿ ಅವರ ಮೆದುಳನ್ನು ಪರೀಕ್ಷಿಸಿದರು. ಆಡುವಾಗ ಡೋಪಮೈನ್ ಎಂಬ ರಾಸಾಯನಿಕವು ಹೆಚ್ಚಾಗಿ ಬಿಡುಗಡೆಯಾಗುವುದು ಕಂಡುಬಂದಿತು. ಇದು ವಿಷವಲ್ಲ, ಹಸಿದವನು ಅನ್ನವನ್ನು ಅರಸುವುದಕ್ಕೂ ಇದರ ಪ್ರೇರಣೆಯುಂಟು. ಆದರೆ ಫಲವು ಅನಿಶ್ಚಿತವಾದಾಗ ಬಯಕೆ ಬಿಗಿಯಾಗುತ್ತದೆ. ಎಷ್ಟು ಬಾರಿ ಕುಕ್ಕಿದರೆ ಕಾಳು ದೊರೆಯುವುದೆಂದು ತಿಳಿಯದ ಪಾರಿವಾಳವು ಎಡೆಬಿಡದೆ ಕುಕ್ಕುವುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಹಿಂದೆಯೇ ತೋರಿಸಿದ್ದರು. ಅನೇಕ ಆಟಗಳ ಬಹುಮಾನದ ಪೆಟ್ಟಿಗೆಗಳು ಇದೇ ಸೂತ್ರದ ಮೇಲೆ ನಿಂತಿವೆ.

ಆಟವೆಲ್ಲವೂ ಕೆಡುಕೆಂದು ನಾವು ಹೇಳಲಿಲ್ಲ. ವೇಗದ ಆಟಗಳಿಂದ ಕಣ್ಣಿನ ಅವಧಾನ ಹೆಚ್ಚುವುದನ್ನು 2003ರಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾನಿಲಯದ ಸಂಶೋಧಕರು ಪ್ರಕಟಿಸಿದರು. ಅದನ್ನೂ ತಿಳಿಸಿದೆವು. ಅರ್ಧಸತ್ಯವನ್ನಾಡುವ ಗುರುವನ್ನು ವಿದ್ಯಾರ್ಥಿ ನಂಬುವುದಿಲ್ಲ.

ಆಗ ಒಬ್ಬ ಬಾಲಕ ಎದ್ದು, "ಬುದ್ಧೀ, ಪೂಜೆಯಲ್ಲೂ ಅಂಗೈಯನ್ನೇ ನೋಡುತ್ತೇವೆ, ಆಟದಲ್ಲೂ ಅಂಗೈಯನ್ನೇ ನೋಡುತ್ತೇವೆ. ಭೇದವೇನು?" ಎಂದನು. ಪ್ರಶ್ನೆ ನಮಗೆ ಸಂತೋಷವನ್ನುಂಟುಮಾಡಿತು. "ಅಂಗೈಯ ಲಿಂಗವು ಕುಣಿಯುವುದಿಲ್ಲ, ಬಹುಮಾನದ ಆಸೆ ತೋರುವುದಿಲ್ಲ. ಅಲ್ಲಿ ದೃಷ್ಟಿಯನ್ನು ನಿಲ್ಲಿಸುವವನು ನೀನೇ. ಆಟದಲ್ಲಾದರೋ ನಿನ್ನ ದೃಷ್ಟಿಯನ್ನು ಹಿಡಿದಿಡುವುದು ಅದನ್ನು ರಚಿಸಿದವರ ಜಾಣ್ಮೆ" ಎಂದೆವು.

ಆ ತಂದೆಯ ಮಗ ಆಟವನ್ನು ಪೂರ್ಣವಾಗಿ ಬಿಟ್ಟಿಲ್ಲ. ಆದರೆ ರಾತ್ರಿಯ ಪ್ರಸಾದವಾದೊಡನೆ ಮೊಬೈಲನ್ನು ತಾನೇ ತಂದು ವಾರ್ಡನ್ನರ ಕೈಗೊಪ್ಪಿಸುತ್ತಾನೆ. ಯಾರೂ ಕೇಳಬೇಕಾಗಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2022ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿಯೂ ಆಟದ ವ್ಯಸನಕ್ಕೆ ಗಂಟೆಗಳ ಲೆಕ್ಕವಿಲ್ಲ. ಹತೋಟಿ ತಪ್ಪಿತೇ, ಉಳಿದ ಕಾರ್ಯಗಳು ಹಿಂದೆ ಬಿದ್ದವೇ, ಹಾನಿಯನ್ನು ಕಂಡೂ ಮುಂದುವರಿಯಿತೇ ಎಂಬುದೇ ಅಲ್ಲಿನ ಒರೆಗಲ್ಲು. ಅಂಥ ಮಕ್ಕಳಿಗೆ ಬೈಗುಳವಲ್ಲ, ವೈದ್ಯರ ನೆರವು ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಲ್ಲಿ ಚಿಕಿತ್ಸಾಲಯ ಆರಂಭವಾಯಿತು. ಉಳಿದವರನ್ನು ತಾಯಿತಂದೆಗಳು "ಎಷ್ಟು ಹೊತ್ತು ಆಡಿದೆ?" ಎಂದು ಗದರಿಸುವ ಬದಲು "ಬೇಕೆಂದಾಗ ನಿಲ್ಲಿಸಬಲ್ಲೆಯಾ?" ಎಂದು ಕೇಳಲಿ. ಆ ಪ್ರಶ್ನೆಯನ್ನು ಮಗು ತನಗೆ ತಾನೇ ಕೇಳಿಕೊಳ್ಳುವಂತಾದರೆ ವಿದ್ಯೆ ಸಾರ್ಥಕವಾದಂತೆ.