ಗೆಲ್ಲಬೇಕಾಗಿಲ್ಲದ ಆಟಗಳು

ಎಪ್ಪತ್ತರ ಹೊಸ್ತಿಲಲ್ಲಿ ನಿಂತಿರುವ ನಿವೃತ್ತ ಶಾಲಾ ಶಿಕ್ಷಕಿಯೊಬ್ಬಳು ಈ ಪುಟಗಳಲ್ಲಿ ವಿಡಿಯೋ ಆಟಗಳ ಕುರಿತು ಬರೆಯಹೊರಟಿದ್ದಾಳೆಂದರೆ ತಾವು ಹುಬ್ಬೇರಿಸುವುದು ಸಹಜ. ಎರಡು ವರ್ಷಗಳ ಹಿಂದೆ ಬೇರೆ ಯಾರಾದರೂ ಬರೆದಿದ್ದರೆ ನಾನೂ ಪುಟ ಮಗುಚಿ ಮುಂದಕ್ಕೆ ಹೋಗುತ್ತಿದ್ದೆ. ಮಕ್ಕಳ ಕೈಯಲ್ಲಿನ ಮೊಬೈಲನ್ನು ಕಂಡರೆ ಸಿಡಿಮಿಡಿಗೊಳ್ಳುವ ಹಿರಿಯರ ಸಾಲಿನಲ್ಲಿ ನಾನು ಮೊದಲನೆಯವಳೇ ಆಗಿದ್ದೆ. ಆದುದರಿಂದ ಮೊದಲು ನನ್ನ ತಪ್ಪನ್ನೇ ಹೇಳಿಕೊಂಡುಬಿಡುತ್ತೇನೆ.

ಸೊರಬ ತಾಲ್ಲೂಕಿನ ಆನವಟ್ಟಿಗೆ ಸಮೀಪದ ಕುಬಟೂರು ನಾನು ನೆಲೆಸಿರುವ ಊರು. ಸುಮಾರು ಒಂಬೈನೂರು ವರ್ಷಗಳಷ್ಟು ಹಳೆಯದಾದ ಕೈಟಭೇಶ್ವರ ದೇವಾಲಯವನ್ನು ನೋಡಲು ದೂರದಿಂದ ಜನ ಬರುತ್ತಾರೆ. ಉಳಿದಂತೆ ಇದು ಭತ್ತ, ಮೆಕ್ಕೆಜೋಳಗಳ ಊರು. ಭಾನುವಾರದ ಬಲಿಪೂಜೆಗೆ ಬಸ್ಸು ಹಿಡಿದೇ ಹೋಗಬೇಕು. ಶಿಕ್ಷಕಿಯಾಗಿ ಈ ಭಾಗಕ್ಕೆ ವರ್ಗವಾಗಿ ಬಂದವಳು ನಿವೃತ್ತಿಯ ನಂತರವೂ ಇಲ್ಲಿಯೇ ಉಳಿದೆ. ಹದಿನೈದು ವರ್ಷದ ಮೊಮ್ಮಗ ಬೆಂಗಳೂರಿನಲ್ಲಿ ತಾಯಿಯೊಡನೆ ಇದ್ದಾನೆ. ಅವನ ತಂದೆ, ಎಂದರೆ ನನ್ನ ಒಬ್ಬನೇ ಮಗ, ಕ್ಯಾನ್ಸರಿನಿಂದ ತೀರಿಕೊಂಡಾಗ ಹುಡುಗನಿಗೆ ಹನ್ನೆರಡು ತುಂಬಿತ್ತು. ಅಂದಿನಿಂದ ಅವನ ಮಾತು ಕಡಿಮೆಯಾಯಿತು, ಮೊಬೈಲು ಹೆಚ್ಚಾಯಿತು. ಎರಡನ್ನೂ ನಾನು ಒಂದೇ ರೋಗವೆಂದು ತಿಳಿದೆ.

ಹೋದ ವರ್ಷದ ಕ್ರಿಸ್ಮಸ್ ರಜೆಗೆ ಅವನೊಬ್ಬನೇ ಬಂದ. ಬಂದ ಎರಡನೆಯ ಸಂಜೆ ಜಪಸರದ ಹೊತ್ತಿಗೆ ಮೂರು ಬಾರಿ ಕರೆದರೂ ಅವನು ಏಳಲಿಲ್ಲ. ನಾನು ಹೋಗಿ ಮೊಬೈಲನ್ನು ಕಿತ್ತುಕೊಂಡು, ಗುಂಡಿ ಒತ್ತಿ ಆರಿಸಿ, ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅವನು ಕೂಗಾಡಲಿಲ್ಲ. ಬಂದು ಮೊಣಕಾಲೂರಿದ, ಎಲ್ಲ ಪ್ರಾರ್ಥನೆಗಳನ್ನೂ ಹೇಳಿದ. ಮುಗಿದ ಮೇಲೆ, "ಅಜ್ಜಿ, ನಾನು ಏನು ಆಡ್ತಿದ್ದೆ ಅಂತ ನೀನು ನೋಡಲೇ ಇಲ್ಲ" ಎಂದಷ್ಟೇ ಹೇಳಿ ಮಲಗಲು ಹೋದ.

ಮೂವತ್ತೆಂಟು ವರ್ಷ ಪಾಠ ಹೇಳಿದವಳಿಗೆ ಆ ಮಾತು ಚುಚ್ಚದೆ ಇರಲಿಲ್ಲ. ಮಗುವಿನ ಕೈಯಲ್ಲಿ ಪುಸ್ತಕ ಕಂಡರೆ ಯಾವ ಪುಸ್ತಕವೆಂದು ಕೇಳುತ್ತೇವೆ. ಮೊಬೈಲು ಕಂಡರೆ ಕೇಳುವುದೇ ಇಲ್ಲ. ನಾನು ಚಿಕ್ಕವಳಿದ್ದಾಗ ಮಳೆಗಾಲದ ಮಧ್ಯಾಹ್ನಗಳಲ್ಲಿ ಜಗಲಿಯ ಮೇಲೆ ಅಳಗುಳಿ ಮಣೆ ಹರಡಿ, ಹದಿನಾಲ್ಕು ಕುಳಿಗಳಿಗೆ ಹುಣಿಸೆ ಬೀಜ ತುಂಬಿ ಕುಳಿತರೆ, "ಹೊತ್ತು ಹಾಳುಮಾಡುವ ಕೆಲಸ" ಎಂದು ನಮ್ಮ ಚಿಕ್ಕಪ್ಪ ಗದರುತ್ತಿದ್ದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಸ್ವತಃ ಆಟಗಳನ್ನು ರೂಪಿಸಿ, 'ಶ್ರೀತತ್ತ್ವನಿಧಿ'ಯ ಒಂದು ಭಾಗವನ್ನೇ ಅದಕ್ಕೆ ಮೀಸಲಿಟ್ಟರೆಂಬ ಸಂಗತಿ ಆಗ ನನಗೆ ಗೊತ್ತಿದ್ದಿದ್ದರೆ ಚಿಕ್ಕಪ್ಪನಿಗೆ ಉತ್ತರ ಕೊಡುತ್ತಿದ್ದೆನೋ ಏನೋ.

ಮರುದಿನ ಬೆಳಗ್ಗೆ ಬೀರುವಿನ ಬೀಗ ತೆಗೆದೆ. ಮೊಬೈಲನ್ನು ಅವನ ಮುಂದಿಟ್ಟು, "ಏನು ಆಡುತ್ತಿದ್ದೆ, ತೋರಿಸು ಮಗಾ" ಎಂದೆ. ನಂಬಿಕೆಯಿಲ್ಲದ ಕಣ್ಣುಗಳಿಂದ ನನ್ನನ್ನು ನೋಡಿದ. ಆಮೇಲೆ ತೋರಿಸಿದ.

ಅದು 'ಓಲ್ಡ್ ಮ್ಯಾನ್ಸ್ ಜರ್ನಿ' ಎಂಬ ಆಟ. ವಿಯೆನ್ನಾ ನಗರದ ಸಣ್ಣ ತಂಡವೊಂದು 2017ರಲ್ಲಿ ಹೊರತಂದದ್ದು. ಗುಂಡಿಲ್ಲ, ಗದ್ದಲವಿಲ್ಲ, ಒಂದೇ ಒಂದು ಮಾತಿಲ್ಲ. ಮುದುಕನೊಬ್ಬನಿಗೆ ಕಾಗದವೊಂದು ಬರುತ್ತದೆ. ಅವನು ಚೀಲ ಹೆಗಲಿಗೇರಿಸಿ ಕೋಲು ಹಿಡಿದು ಹೊರಡುತ್ತಾನೆ. ಆಡುವವರು ಮಾಡಬೇಕಾದದ್ದು ಇಷ್ಟೇ: ಅವನ ಮುಂದಿರುವ ಗುಡ್ಡಗಳನ್ನು ಬೆರಳಿನಿಂದ ಮೇಲೆತ್ತಿ, ಕೆಳಗಿಳಿಸಿ, ಒಂದಕ್ಕೊಂದು ತಾಗುವಂತೆ ಮಾಡಿ ದಾರಿ ಕೊಡುವುದು. ಅವನು ಅಲ್ಲಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಾನೆ. ಕುಳಿತಾಗಲೆಲ್ಲ ಹಳೆಯ ನೆನಪೊಂದು ಚಿತ್ರವಾಗಿ ತೆರೆಯುತ್ತದೆ. ಮೊಣಕಾಲು ನೋವಿನವಳಾದ ನನಗೆ ಗುಡ್ಡವೇ ಬಗ್ಗಿ ದಾರಿ ಬಿಡುವ ಕಲ್ಪನೆ ಬಹಳ ಹಿಡಿಸಿತು. ಆ ಕಾಗದದಲ್ಲಿ ಏನಿತ್ತೆಂದು ಕೊನೆಯಲ್ಲಿ ತಿಳಿದಾಗ ನಾನು ಕನ್ನಡಕ ತೆಗೆದು ಒರೆಸಬೇಕಾಯಿತು. ಪ್ರಾರ್ಥನೆಗೆ ಕರೆದಾಗ ಹುಡುಗ ಏಳದೆ ಕುಳಿತಿದ್ದದ್ದು ಇದರ ಮುಂದೆ.

ಅಂದಿನಿಂದ ಪ್ರತಿ ಸಂಜೆ, ಜಪಸರವಾದ ಮೇಲೆ, ಒಂದು ಗಂಟೆ ನಾನು ಅವನ ಶಿಷ್ಯೆಯಾದೆ. ಅವನ ಓದಿಗೆಂದು ಸೊಸೆ ಕೊಡಿಸಿದ್ದ ಲ್ಯಾಪ್‌ಟಾಪಿನಲ್ಲಿ ಇಂಥವು ಹಲವಿದ್ದವು. ಶಾಲೆಯಲ್ಲಿ ಅವನ ಸ್ನೇಹಿತರು ಯಾರೂ ಇವುಗಳನ್ನು ಕೇಳಿಲ್ಲವಂತೆ. ನಾವು ಪೇಪರಿನಲ್ಲಿ ಓದಿ ಹೆದರುವ ಆಟಗಳೇ ಬೇರೆ. ಹಣವಿಟ್ಟು ಆಡುವ ರಮ್ಮಿಯಂಥವುಗಳನ್ನು ಕೇಂದ್ರ ಸರ್ಕಾರ 2025ರ ಆಗಸ್ಟಿನಲ್ಲಿ ಕಾಯಿದೆಯ ಮೂಲಕವೇ ನಿಷೇಧಿಸಿತು, ಅದು ಆಗಬೇಕಾದದ್ದೇ. ಪುಕ್ಕಟೆಯೆಂದು ಕರೆದು, ಒಳಗೆ ಹೋದ ಮೇಲೆ ಪ್ರತಿ ಮೆಟ್ಟಿಲಿಗೂ ಕೈಚಾಚುವ ಆಟಗಳೂ ಇವೆ. ನಾನು ಹೇಳುತ್ತಿರುವವು ಆ ಜಾತಿಯವಲ್ಲ. ಒಮ್ಮೆ ಬೆಲೆ ಕೊಟ್ಟರೆ ಮುಗಿಯಿತು. ಎರಡು ಮೂರು ಗಂಟೆಗಳಲ್ಲಿ, ಒಂದು ಸಣ್ಣ ಕಾದಂಬರಿಯಂತೆ, ಆಟವೂ ಮುಗಿಯುತ್ತದೆ. ಮುಗಿಯುವ ಆಟ ಎಂಬುದೇ ನನಗೆ ದೊಡ್ಡ ಸಮಾಧಾನದ ವಿಷಯವಾಗಿತ್ತು.

ಇವುಗಳಲ್ಲಿ 'ವೆಣ್ಬಾ'ದ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅಲ್ಲಿ ನಾನು ಗುರುವಾದೆ. ಕೆನಡಾದ ಟೊರಾಂಟೊದಲ್ಲಿ ತಯಾರಾಗಿ 2023ರಲ್ಲಿ ಬಂದ ಆಟವಿದು. 1980ರ ದಶಕದಲ್ಲಿ ತಮಿಳುನಾಡಿನಿಂದ ಕೆನಡಾಕ್ಕೆ ವಲಸೆ ಹೋದ ವೆಣ್ಬಾ ಎಂಬ ಮಹಿಳೆಯ ಬಳಿ ಅವಳ ತಾಯಿಯ ಅಡುಗೆ ಪುಸ್ತಕವೊಂದಿದೆ. ಪುಟಗಳು ಹರಿದಿವೆ, ಅಕ್ಷರಗಳು ಅಳಿಸಿವೆ. ಅಳಿಸಿದ್ದನ್ನು ಊಹಿಸಿ ಅಡುಗೆ ಮುಗಿಸುವುದೇ ಆಟ. ಮೊದಲನೆಯದೇ ಇಡ್ಲಿ. ಮೊಮ್ಮಗ ಇಡ್ಲಿ ತಟ್ಟೆಗಳನ್ನು ಹೇಗೆ ಜೋಡಿಸಬೇಕೆಂದು ತಿಳಿಯದೆ ತಡವರಿಸಿದ. "ಅಯ್ಯೋ, ಕೆಳಗಿನ ಕುಳಿಯ ನೆತ್ತಿಗೆ ಸರಿಯಾಗಿ ಮೇಲಿನ ಕುಳಿ ಬಂದರೆ ಹಬೆ ಹೇಗೆ ಮೇಲೇರುತ್ತದೆ? ತಿರುಗಿಸು, ತಿರುಗಿಸು" ಎಂದು ನಾನು ಕೂಗಿದೆ. ತಿರುಗಿಸಿದ, ಇಡ್ಲಿ ಬೆಂದಿತು. ಅವನು ನಕ್ಕದ್ದನ್ನು ಎಷ್ಟೋ ತಿಂಗಳುಗಳ ನಂತರ ಅಂದು ಕೇಳಿದೆ. ಆಟ ಮುಂದುವರಿದಂತೆ ವೆಣ್ಬಾಳ ಮಗ ಬೆಳೆಯುತ್ತಾನೆ, ಮನೆಮಾತಿಗೆ ನಾಚುತ್ತಾನೆ, ದೂರ ಸರಿಯುತ್ತಾನೆ. ಪರದೇಶದಲ್ಲಿ ಮಕ್ಕಳು ಮೊಮ್ಮಕ್ಕಳಿರುವ ಓದುಗರು ನಮ್ಮ ಧರ್ಮಕೇಂದ್ರಗಳಲ್ಲಿ ಕಡಿಮೆಯೇನಿಲ್ಲ. ಅವರು ರಜೆಗೆ ಬಂದಾಗ ಒಟ್ಟಿಗೆ ಕುಳಿತು ಆಡಬಹುದಾದ ಆಟ ಇದು. ತಟ್ಟೆ ಜೋಡಿಸುವ ಕೆಲಸವನ್ನು ಮಾತ್ರ ಹಿರಿಯರಿಗೆ ಬಿಡಿ.

'ಎ ಶಾರ್ಟ್ ಹೈಕ್' (2019) ಇನ್ನೂ ಚಿಕ್ಕದು. ಮುಖ್ಯವಾದ ಕರೆಯೊಂದನ್ನು ಕಾಯುತ್ತಿರುವ ಹಕ್ಕಿಯೊಂದಕ್ಕೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಅದಕ್ಕಾಗಿ ಬೆಟ್ಟ ಹತ್ತಬೇಕು. ಮನೆಯ ತಾರಸಿಯ ಮೂಲೆಯೊಂದರಲ್ಲಿ ಮಾತ್ರ ಮಗಳೊಡನೆ ಮಾತಾಡಬಲ್ಲ ನಮ್ಮ ಕಡೆಯವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಆ ಕರೆ ಯಾರದೆಂದು ಇಲ್ಲಿ ಹೇಳಿದರೆ ಬೆಟ್ಟ ಹತ್ತುವ ಸುಖ ಹೋಗುತ್ತದೆ. ಪುಣೆಯ ತರುಣರು ಮಾಡಿದ 'ರಾಜಿ' (2020) ಎಂಬುದನ್ನೂ ತೋರಿಸಿದ. ಸರ್ಕಸ್ಸಿನ ಹುಡುಗಿಯೊಬ್ಬಳು ಕಾಣೆಯಾದ ತಮ್ಮನನ್ನು ಹುಡುಕಿ ಹೊರಡುವ ಕಥೆ. ಚಿತ್ರಗಳು ಕಣ್ಣಿಗೆ ಹಬ್ಬ. ಆದರೆ ಅದರಲ್ಲಿ ಕಾದಾಟ ಬಹಳ. ನನ್ನ ಬೆರಳುಗಳಿಗೆ ಆಗದ ಕೆಲಸವೆಂದು ಬಿಟ್ಟುಬಿಟ್ಟೆ. ಕೋಲ್ಕತ್ತಾದ ಕಲಾವಿದೆ ಲೀನಾ ಕೇಜ್ರಿವಾಲರ ಪ್ರಯತ್ನದಿಂದ 2016ರಲ್ಲಿ ಬಂದ 'ಮಿಸ್ಸಿಂಗ್' ಎಂಬುದು ಮಾರಾಟಕ್ಕೊಳಗಾದ ಹುಡುಗಿಯೊಬ್ಬಳ ಪಾಡನ್ನು ಆಡುವವರಿಗೇ ಹೊರಿಸುತ್ತದೆ. ಅದು ಎಳೆಯ ಮಕ್ಕಳಿಗಲ್ಲ. ಹೆತ್ತವರು ಮೊದಲು ತಾವು ನೋಡಿ, ಆಮೇಲೆ ಬೆಳೆದ ಮಕ್ಕಳೊಡನೆ ಕೂರುವುದು ಒಳ್ಳೆಯದು.

ರಜೆ ಮುಗಿಯಲು ಮೂರು ದಿನವಿದ್ದಾಗ ಹುಡುಗ ಇನ್ನೊಂದು ಆಟದ ಹೆಸರೆತ್ತಿದ. "ಅಜ್ಜಿ, ಇದೊಂದಿದೆ. ನಾಲ್ಕೈದು ಸಲ ಶುರು ಮಾಡಿದ್ದೀನಿ. ಒಬ್ಬನೇ ಆಡೋಕೆ ಆಗಲ್ಲ." ಪರದೆಯ ಮೇಲೆ 'ದಟ್ ಡ್ರ್ಯಾಗನ್, ಕ್ಯಾನ್ಸರ್' ಎಂದಿತ್ತು.

ಓದುಗರೇ, ಈ ಆಟದ ಹಿನ್ನೆಲೆಯನ್ನು ಮೊದಲು ತಿಳಿಸುತ್ತೇನೆ. ಅಮೆರಿಕದ ಕೊಲೊರಾಡೊ ರಾಜ್ಯದ ರಯನ್ ಗ್ರೀನ್ ಮತ್ತು ಏಮಿ ಗ್ರೀನ್ ಕ್ರೈಸ್ತ ದಂಪತಿಗಳು. ಅವರ ಮಗ ಜೋಯೆಲನಿಗೆ ವರ್ಷ ತುಂಬುವ ಹೊತ್ತಿಗೆ ಮೆದುಳಿನಲ್ಲಿ ಅಪರೂಪದ ಕ್ಯಾನ್ಸರ್ ಗಡ್ಡೆ ಕಾಣಿಸಿತು. ಕೆಲವೇ ತಿಂಗಳೆಂದು ವೈದ್ಯರು ಹೇಳಿದ್ದರೂ ಮಗು ವರ್ಷಗಳ ಕಾಲ ಬದುಕಿತು. ಆ ದಿನಗಳಲ್ಲೇ ತಂದೆ ತಾಯಿ ಸ್ನೇಹಿತರೊಡನೆ ಸೇರಿ ತಮ್ಮ ಅನುಭವವನ್ನು ಆಟವಾಗಿ ಕಟ್ಟತೊಡಗಿದರು. 2014ರ ಮಾರ್ಚಿನಲ್ಲಿ, ಐದನೆಯ ವಯಸ್ಸಿನಲ್ಲಿ ಜೋಯೆಲ್ ತೀರಿಕೊಂಡ. ಅವರು ಆಟವನ್ನು ಕೈಬಿಡಲಿಲ್ಲ. 2016ರ ಜನವರಿ 12ರಂದು, ಅವನು ಬದುಕಿದ್ದರೆ ಏಳು ತುಂಬುತ್ತಿದ್ದ ದಿನ, ಅದನ್ನು ಬಿಡುಗಡೆ ಮಾಡಿದರು. ಅದರಲ್ಲಿ ಕೇಳುವ ದನಿಗಳು ಅವರವೇ. ಮಗುವಿನ ನಗು ಆ ಮಗುವಿನದೇ. ಚಿತ್ರಗಳಲ್ಲಿ ಮಾತ್ರ ಯಾರಿಗೂ ಕಣ್ಣು ಬಾಯಿಗಳಿಲ್ಲ.

ಅಲ್ಲೊಂದು ಆಸ್ಪತ್ರೆಯ ಕೋಣೆ ಬರುತ್ತದೆ. ರಾತ್ರಿ. ತಂದೆಯೊಬ್ಬನೇ ಇದ್ದಾನೆ. ಮಗು ಬಾಯಾರಿಕೆಯಿಂದ ಅಳುತ್ತಿದೆ, ಕುಡಿಸಿದರೆ ವಾಂತಿ. ಎತ್ತಿಕೊಳ್ಳುತ್ತಾನೆ, ಓಡಾಡುತ್ತಾನೆ, ಇಳಿಸುತ್ತಾನೆ. ನೀವು ಎಲ್ಲಿ ಒತ್ತಿದರೂ ಅಳು ನಿಲ್ಲುವುದಿಲ್ಲ. ಆಟವೆಂದ ಮೇಲೆ ಏನಾದರೊಂದು ಉಪಾಯವಿರಬೇಕೆಂದು ನಾನು ಅಲ್ಲಿ ಇಲ್ಲಿ ಒತ್ತಿಸಿದೆ. ಉಪಾಯವಿಲ್ಲ. ಕೊನೆಗೆ ಎಲ್ಲವನ್ನೂ ಸೋತ ತಂದೆ ದೇವರನ್ನು ಕರೆಯುತ್ತಾನೆ. ಆಗ ಮಗು ಸುಮ್ಮನಾಗಿ ನಿದ್ರಿಸುತ್ತದೆ. ಮೊಮ್ಮಗ ನಾಲ್ಕೈದು ಸಲ ನಿಲ್ಲಿಸಿದ್ದು ಈ ಕೋಣೆಯಲ್ಲಿ, ಆ ಪ್ರಾರ್ಥನೆಗೆ ಮುಂಚೆ.

ಅಂದು ನಿಲ್ಲಿಸಲಿಲ್ಲ. ಅಳು ನಿಂತ ಮೇಲೆ ಲ್ಯಾಪ್‌ಟಾಪಿನಿಂದ ಕಣ್ಣು ಕೀಳದೆಯೇ ಕೇಳಿದ: "ಅಪ್ಪನೂ ಹೀಗೆ ಅಳ್ತಿದ್ರಾ?"

ನನ್ನ ನಿಜವಾದ ತಪ್ಪು ಇದು. ಮೊಬೈಲು ಕಿತ್ತುಕೊಂಡದ್ದು ಸಣ್ಣದು. ನನ್ನ ಮಗ ಆಸ್ಪತ್ರೆಯಲ್ಲಿದ್ದ ಕಡೆಯ ಇಪ್ಪತ್ತು ದಿನಗಳಲ್ಲಿ ಹುಡುಗನನ್ನು ಅಲ್ಲಿಗೆ ಕರೆತರಬಾರದೆಂದು ಹಠ ಹಿಡಿದವಳು ನಾನು. ಎಳೆಯ ಮನಸ್ಸು ಅದನ್ನೆಲ್ಲ ನೋಡಬಾರದೆಂದೆ. "ಅಪ್ಪ ಬೇಗ ಬರುತ್ತಾರೆ" ಎಂದು ಅವನಿಗೆ ಫೋನಿನಲ್ಲಿ ಹೇಳಿದವಳೂ ನಾನೇ. ಬರುವುದಿಲ್ಲವೆಂದು ತಿಳಿದೂ ಹೇಳಿದೆ. ಸೊಸೆ ಒಮ್ಮೆ ಎದುರಾಡಿದಳು. ಹಿರಿಯಳೆಂಬ ಸಲುಗೆಯಿಂದ ಅವಳ ಬಾಯಿ ಮುಚ್ಚಿಸಿದೆ. ಹುಡುಗ ತನ್ನ ತಂದೆಯನ್ನು ಮತ್ತೆ ಕಂಡದ್ದು ಶವಪೆಟ್ಟಿಗೆಯಲ್ಲಿ.

"ಅಳುತ್ತಿದ್ದ" ಎಂದೆ. "ರಾತ್ರಿ ಹೊತ್ತು. ನೀರು ಕೇಳುತ್ತಿದ್ದ, ಕೊಟ್ಟರೆ ನಿಲ್ಲುತ್ತಿರಲಿಲ್ಲ. ನಿನ್ನನ್ನು ಕೇಳುತ್ತಿದ್ದ."

ಬಹಳ ಹೊತ್ತು ಅವನು ಏನೂ ಹೇಳಲಿಲ್ಲ. ಆಮೇಲೆ ಒಂದೊಂದಾಗಿ ಕೇಳತೊಡಗಿದ. ಅಪ್ಪನಿಗೆ ತಿಳಿದಿತ್ತೇ? ಹೆದರಿದ್ದರೇ? ಗುರುಗಳು ಬಂದಿದ್ದಾಗ ಮಾತಾಡಿದರೇ? ಹದಿನೈದರ ಹುಡುಗ ಮೂರು ವರ್ಷಗಳಿಂದ ಕೂಡಿಟ್ಟುಕೊಂಡಿದ್ದ ಪ್ರಶ್ನೆಗಳು. ಗೊತ್ತಿದ್ದದ್ದನ್ನೆಲ್ಲ ಹೇಳಿದೆ, ಒಂದನ್ನೂ ಮೆತ್ತಗೆ ಮಾಡದೆ. ನಡುವೆ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬೆಳಕಿನಲ್ಲಿ ಕುಳಿತೇ ಇದ್ದೆವು. ನನ್ನನ್ನು ಕ್ಷಮಿಸು ಎಂದು ಕೇಳಿದೆ. ಅವನು ಕ್ಷಮಿಸಿದ್ದೇನೆ ಎನ್ನಲಿಲ್ಲ; ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ, ನಾಲ್ಕು ವರ್ಷದವನಿದ್ದಾಗ ಮಾಡುತ್ತಿದ್ದ ಹಾಗೆ.

ಉಳಿದ ಭಾಗವನ್ನು ಮರುದಿನ ಆಡಿದೆವು. ಈ ಆಟವನ್ನು ಎಲ್ಲರೂ ಆಡಿರೆಂದು ನಾನು ಹೇಳಲಾರೆ. ಗಾಯ ಹಸಿಯಾಗಿರುವ ಮನೆಗಳಲ್ಲಿ ಅವಸರ ಬೇಡ. ಎಳೆಯರನ್ನು ಒಂಟಿಯಾಗಿ ಅದರ ಮುಂದೆ ಕೂರಿಸುವುದಂತೂ ಸಲ್ಲ. ಜೊತೆಗೆ, ಇದು ಸುಲಭವಾದ ಭಕ್ತಿಯ ಆಟವಲ್ಲ. ತಾಯಿ ದೃಢವಾಗಿ ನಂಬುತ್ತಾಳೆ, ತಂದೆ ಮುಳುಗುತ್ತಾನೆ, ಅನುಮಾನಿಸುತ್ತಾನೆ. ಮಗು ಗುಣವಾಗಲೆಂದು ಎಷ್ಟೋ ಮಂದಿ ಪ್ರಾರ್ಥಿಸುತ್ತಾರೆ, ಮಗು ಗುಣವಾಗುವುದಿಲ್ಲ. ನಾವೂ ಒಂಬತ್ತು ದಿನಗಳ ನೊವೆನಾವನ್ನು ಮೂರು ಬಾರಿ ಮಾಡಿದ್ದೆವು. ಅದರ ಬಗ್ಗೆ ನಾನು ಯಾರೊಡನೆಯೂ ಮಾತಾಡಿರಲಿಲ್ಲ. ಆ ಮಧ್ಯಾಹ್ನ ಮೊಮ್ಮಗನೊಡನೆ ಮಾತಾಡಿದೆ. ಅವನಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ, ಅವನೂ ಒತ್ತಾಯಿಸಲಿಲ್ಲ.

ಕೊನೆಯ ದೃಶ್ಯದಲ್ಲಿ ಜೋಯೆಲ್ ಬಯಲಿನಲ್ಲಿ ಕುಳಿತಿದ್ದಾನೆ. ಅವನ ಮುಂದೆ ಪ್ಯಾನ್‌ಕೇಕುಗಳ ದೊಡ್ಡ ರಾಶಿ. ನಮ್ಮ ದೋಸೆಯ ದಪ್ಪನೆಯ ಸಹೋದರ ಎನ್ನಬಹುದಾದ ತಿಂಡಿ ಅದು. ನೀರುಗುಳ್ಳೆಗಳು ಹಾರುತ್ತವೆ, ಮಗು ಕೇಕೆ ಹಾಕಿ ನಗುತ್ತದೆ. ಹುಡುಗ ಆ ಗುಳ್ಳೆಗಳನ್ನು ಮತ್ತೆ ಮತ್ತೆ ಹಾರಿಸುತ್ತ ಕುಳಿತ. ಎಷ್ಟೋ ಹೊತ್ತಿನ ಮೇಲೆ ಲ್ಯಾಪ್‌ಟಾಪನ್ನು ಮುಚ್ಚಿ, "ಅಜ್ಜಿ, ನಾಳೆ ನೀರುದೋಸೆ ಮಾಡ್ತೀಯಾ? ಅಪ್ಪ ಎಷ್ಟು ತಿಂತಿದ್ರು, ಎಂಟಾ, ಹತ್ತಾ?" ಎಂದ.

"ಹನ್ನೆರಡು" ಎಂದೆ. ರಾತ್ರಿ ಮಲಗುವ ಮುನ್ನ ಅಕ್ಕಿ ನೆನೆಹಾಕಿದೆ, ನಮ್ಮಿಬ್ಬರಿಗೆ ಬೇಕಾದುದಕ್ಕಿಂತ ಬಹಳ ಹೆಚ್ಚು.