ಎರಡು ರಿಮೋಟು, ಒಂದೇ ಟೀವಿ

"ಸಿನಿಮಾ ಪತ್ರಿಕೆಯಲ್ಲಿ ಗೇಮಿನ ಪುರಾಣ ಯಾಕಮ್ಮಾ?" ಅಂತ ಸಂಪಾದಕರು ಕೇಳಿದರು. "ಸಾರ್, ಎರಡೂ ಪರದೆ ಮೇಲಿನ ಆಟವೇ ಅಲ್ವಾ?" ಅಂದೆ. ನಕ್ಕು ಜಾಗ ಕೊಟ್ಟರು. ಆ ಜಾಗದಲ್ಲಿ ನನ್ನ ಹೊಟ್ಟೆಯುರಿಯನ್ನೆಲ್ಲ ತೋಡಿಕೊಳ್ಳಬೇಕಾಗಿದೆ. ಓದುಗ ಮಹಾಶಯರು ಕೊಂಚ ಸಹಿಸಿಕೊಳ್ಳಬೇಕು.

ಮೊದಲೇ ಹೇಳಿಬಿಡುತ್ತೇನೆ. ಈಗಿನ ಕಂಪ್ಯೂಟರ್ ಗೇಮುಗಳನ್ನು ನೋಡಿದರೆ ನನಗೆ ಬೇಜಾರು. ಎಂಥ ಬೇಜಾರು ಅಂತೀರಿ? ಮುಂಚೆಯೇ ಟಿಕೆಟ್ ಮಾಡಿಸಿ, ಬಾಲ್ಕನಿಯಲ್ಲಿ ಕೂತು, ಇಂಟರ್‌ವಲ್ಲಿಗೇ ಎದ್ದು ಬರುತ್ತೀರಲ್ಲ, ಅಂಥ ಬೇಜಾರು. ಪರದೆ ಥಳಥಳ ಹೊಳೆಯುತ್ತೆ. ಸದ್ದು ಎದೆ ನಡುಗಿಸುತ್ತೆ. ಆದರೆ ಒಳಗೆ ಜೀವ ಇಲ್ಲ...

ಹೀಗಂದರೆ ಪಕ್ಕದ ಮನೆ ಹುಡುಗರು ನಗುತ್ತಾರೆ. "ಅಕ್ಕಾ, ನಿಮಗೆ ವಯಸ್ಸಾಯ್ತು" ಅನ್ನುತ್ತಾರೆ. ಇಪ್ಪತ್ತೆಂಟಕ್ಕೇ ಮುದುಕಿಯಾದೆನೆ? ಆಗಿದ್ದರೂ ಇರಬಹುದು. ಆದರೂ ನನ್ನ ಫಿರ್ಯಾದು ಕೇಳಿ ಆಮೇಲೆ ತೀರ್ಪು ಕೊಡಿ.

ನೀಲಿ ಪ್ಯಾಂಟು, ಕೆಂಪು ಪ್ಯಾಂಟು

ನಮ್ಮೂರು ತಿಪಟೂರು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. 2006ರ ದಸರಾ ರಜೆಯಲ್ಲಿ ಒಂದು ಸಂಜೆ ಟೀವಿ ಗೇಮು ತಂದರು. ಒಂದು ಪೆಟ್ಟಿಗೆ, ಎರಡು ರಿಮೋಟು, ಒಂದು ಹಳದಿ ಕ್ಯಾಸೆಟ್ಟು. ಕ್ಯಾಸೆಟ್ಟಿನ ಮೇಲೆ 99999 ಗೇಮುಗಳು ಅಂತ ಬರೆದಿತ್ತು. ನಾನೂ ತಮ್ಮನೂ ಕೂತು ಎಣಿಸಿದೆವು. ಹನ್ನೊಂದಕ್ಕೆ ಮುಗಿದುಹೋಯಿತು! ಮಿಕ್ಕಿದ್ದೆಲ್ಲ ಅವೇ ಹನ್ನೊಂದು, ಹೆಸರು ಬದಲಾಯಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಒಂದೇ ಕಥೆಗೆ ನಾಲ್ಕು ಟೈಟಲ್ ಇಡುವವರು ಗಾಂಧಿನಗರದಲ್ಲಿ ಮಾತ್ರ ಇಲ್ಲ ಅಂತ ನನಗೆ ಆವತ್ತೇ ತಿಳಿಯಿತು.

ಕ್ಯಾಸೆಟ್ಟು ಸರಿಯಾಗಿ ಕೂರದಿದ್ದರೆ ತೆಗೆದು, ಉಫ್ ಅಂತ ಊದಿ, ಮತ್ತೆ ಹಾಕುವುದು. ಕರೆಂಟು ಹೋಯಿತೋ, ಎಂಟನೇ ಲೋಕ ಮುಟ್ಟಿದ್ದ ಮಾರಿಯೋ ಮತ್ತೆ ಮೊದಲನೇ ಲೋಕದಿಂದ ಓಡಿಕೊಂಡು ಬರಬೇಕು. ಬಸ್ ಸ್ಟ್ಯಾಂಡಿನ ಹಿಂದೆ ಗಂಟೆಗೆ 10 ರೂಪಾಯಿಯ ಕಂಪ್ಯೂಟರ್ ಗೇಮ್ ಅಂಗಡಿಯೂ ಇತ್ತು. ಅಲ್ಲಿ ಹುಡುಗಿಯರಿಗೆ ಪ್ರವೇಶವಿಲ್ಲ ಅಂತ ಬೋರ್ಡೇನೂ ಹಾಕಿರಲಿಲ್ಲ. ಬೋರ್ಡಿನ ಅಗತ್ಯವೇ ಇರಲಿಲ್ಲ. ಹಾಗಾಗಿ ನನ್ನ ಪಾಲಿಗೆ ಗೇಮು ಅಂದರೆ ನಮ್ಮ ಮನೆಯ ನಡುಮನೆ, ಪಕ್ಕದಲ್ಲಿ ತಮ್ಮ, ಅಷ್ಟೆ.

ಆ ಹನ್ನೊಂದರಲ್ಲಿ ನಮ್ಮ ಪ್ರಾಣ ಕಾಂಟ್ರಾ. ಜಪಾನಿನ ಕೊನಾಮಿ ಕಂಪನಿ 1987ರಲ್ಲಿ ಮಾಡಿದ ಆಟ. ಮರುವರ್ಷವೇ ಮನೆಯ ಟೀವಿಗೂ ಬಂದಿತ್ತು. ಇಬ್ಬರು ಸಿಪಾಯಿಗಳು, ಒಬ್ಬನಿಗೆ ನೀಲಿ ಪ್ಯಾಂಟು, ಇನ್ನೊಬ್ಬನಿಗೆ ಕೆಂಪು ಪ್ಯಾಂಟು. ನೀಲಿ ನನ್ನದು, ಕೆಂಪು ಅವನದು. ಮೂರನೇ ಘಟ್ಟದಲ್ಲಿ ಒಂದು ಜಲಪಾತ ಬರುತ್ತದೆ. ಬಂಡೆಯಿಂದ ಬಂಡೆಗೆ ನೆಗೆಯುತ್ತಾ ಮೇಲಕ್ಕೆ ಹತ್ತಬೇಕು. ಮೇಲೆ ಹೋದವನು ನಿಲ್ಲದೆ ಹತ್ತಿದರೆ ಪರದೆಯೂ ಅವನ ಜೊತೆ ಮೇಲೇರುತ್ತೆ. ಆಗ ಹಿಂದೆ ಬಿದ್ದವನ ಕಾಲ ಕೆಳಗಿನ ಬಂಡೆ ಮಾಯ. ಅವನು ಸತ್ತ! "ಅಕ್ಕಾ, ನಿಂತ್ಕೊಳೇ, ನಾನಿನ್ನೂ ಕೆಳಗಿದೀನಿ!" ಅಂತ ತಮ್ಮ ಕಿರುಚುತ್ತಿದ್ದದ್ದು ಬೀದಿಗೆಲ್ಲ ಕೇಳುತ್ತಿತ್ತು. ಒಬ್ಬರಿಗೊಬ್ಬರು ಕಾಯಬೇಕು. ಇಲ್ಲದಿದ್ದರೆ ಜಲಪಾತ ದಾಟುವುದು ಕಷ್ಟ. ಎಷ್ಟು ಸರಳ, ನೋಡಿ!

ತಮ್ಮನೇ ಹೀರೋ

ಆ ಕಾಲದ ಗೇಮು ಮಾಡಿದವರ ಹತ್ತಿರ ಏನಿತ್ತು ಮಹಾ? 1985ರ ಸೂಪರ್ ಮಾರಿಯೋ ಬ್ರದರ್ಸ್ ಪೂರಾ ಆಟ ಹಿಡಿದಿದ್ದು ಬರೀ 40 ಕೆಬಿಯಲ್ಲಿ. ಇವತ್ತು ನಿಮ್ಮ ವಾಟ್ಸಾಪಿಗೆ ಬರುವ ಒಂದು ಶುಭೋದಯದ ಚಿತ್ರವೇ ಅದಕ್ಕಿಂತ ದೊಡ್ಡದಿರುತ್ತೆ! ಜಾಗ ಸಾಲದೆ ಅವರು ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿದರು. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ನಾನು ಸಾವಿರ ಸಲ ಆಡಿದ್ದೇನೆ, ಒಂದು ಸಲವೂ ಗೊತ್ತಾಗಲಿಲ್ಲ.

ಸಿನಿಮಾ ಓದುಗರಿಗೆ ಇನ್ನೊಂದು ಸ್ವಾರಸ್ಯ ಹೇಳಲೇಬೇಕು. ಪ್ರಿನ್ಸ್ ಆಫ್ ಪರ್ಷಿಯಾ ಅಂತ ಒಂದು ಗೇಮು. 1989ರಲ್ಲಿ ಬಂತು. ಮಾಡಿದವರು ಅಮೆರಿಕದ ಜೋರ್ಡಾನ್ ಮೆಕ್ನರ್. ರಾಜಕುಮಾರ ನಿಜವಾದ ಮನುಷ್ಯನ ಹಾಗೆ ಓಡಬೇಕು ಅಂತ ಅವರ ಆಸೆ. ಏನು ಮಾಡಿದರು ಗೊತ್ತೆ? 1985ರಲ್ಲಿ ತಮ್ಮ ಸ್ವಂತ ತಮ್ಮ ಡೇವಿಡ್‌ನನ್ನು ಓಡಿಸಿ, ನೆಗೆಸಿ, ವಿಡಿಯೋ ತೆಗೆದರು. ಆ ಚಿತ್ರಗಳ ಮೇಲಿಂದಲೇ ರಾಜಕುಮಾರನ ಒಂದೊಂದು ಹೆಜ್ಜೆಯನ್ನೂ ಬಿಡಿಸಿದರು. ಕತ್ತಿವರಸೆಗೆ 1938ರ ರಾಬಿನ್ ಹುಡ್ ಚಿತ್ರದಲ್ಲಿ ಎರಾಲ್ ಫ್ಲಿನ್ ಆಡಿದ ಕಾಳಗವನ್ನು ಎದುರಿಗಿಟ್ಟುಕೊಂಡರು. 2010ರಲ್ಲಿ ಹಾಲಿವುಡ್ಡಿನವರು ಕೋಟಿಗಟ್ಟಲೆ ಸುರಿದು ಅದೇ ಸರಣಿಯ ಮುಂದಿನ ಗೇಮೊಂದನ್ನು ಸಿನಿಮಾ ಮಾಡಿದರು. ನನಗೆ ಮಾತ್ರ ಆ ಸಿನಿಮಾದ ಹೀರೋಗಿಂತ ಈ ತಮ್ಮನ ಓಟವೇ ಇಷ್ಟ.

ಬಣ್ಣ ಬಳಿದ ಮುಖ

ಈಗ ಹೊಸದಕ್ಕೆ ಬರೋಣ. ಹಳೇದಕ್ಕೆ ಬಣ್ಣ ಬಳಿಯುವ ಕೆಲಸ ನಮ್ಮಲ್ಲೂ ನಡೆದಿದೆ. 1971ರ ಕಸ್ತೂರಿ ನಿವಾಸ 2014ರಲ್ಲಿ ಬಣ್ಣದಲ್ಲಿ ಬಂದಾಗ ಜನ ಹೊಸ ಚಿತ್ರದ ಹಾಗೆ ನುಗ್ಗಿದರು. ಯಾಕೆ? ಬಣ್ಣ ಬಂತು, ಅಣ್ಣಾವ್ರ ಮುಖ ಅಣ್ಣಾವ್ರ ಮುಖವಾಗಿಯೇ ಉಳಿಯಿತು.

ಗೇಮಿನ ಲೋಕದ ಕಸ್ತೂರಿ ನಿವಾಸ ಅಂದರೆ 2002ರ ವೈಸ್ ಸಿಟಿ. ಅದರ ನಾಯಕ ಟಾಮಿಗೆ ಧ್ವನಿ ಕೊಟ್ಟವರು 2022ರಲ್ಲಿ ತೀರಿಕೊಂಡ ಹಾಲಿವುಡ್ ನಟ ರೇ ಲಿಯೋಟಾ. ನನ್ನ ಸೋದರಮಾವನ ಮನೆ ಕಂಪ್ಯೂಟರಿನಲ್ಲಿ ನಾವಿಬ್ಬರೂ ಸರದಿ ಹಾಕಿ ಆಡಿದ ಆಟ. 2021ರ ನವೆಂಬರಿನಲ್ಲಿ ಅದಕ್ಕೂ ಅದರ ಜೊತೆಯ ಇನ್ನೆರಡು ಆಟಗಳಿಗೂ ಹೊಸ ಬಣ್ಣ ಬಳಿದು ಬಿಡುಗಡೆ ಮಾಡಿದರು. ಅಯ್ಯೋ ಶಿವನೇ! ಪಾತ್ರಗಳ ಮುಖ ಮೇಣದ ಬೊಂಬೆಯ ಹಾಗೆ. ಮಳೆ ಬಂದರೆ ಪರದೆಯ ತುಂಬ ಬಿಳೀ ಗೆರೆ. ರೇಡಿಯೋದಲ್ಲಿ ಬರುತ್ತಿದ್ದ ಎಷ್ಟೋ ಹಾಡುಗಳೇ ಇಲ್ಲ. ಸಾಲದ್ದಕ್ಕೆ ಹಳೇ ಆಟವನ್ನು ಮಾರಾಟದಿಂದಲೇ ತೆಗೆದಿದ್ದರು. ಜನ ಬೈದ ಬೈಗುಳಕ್ಕೆ ರಾಕ್‌ಸ್ಟಾರ್ ಕಂಪನಿ ಅದೇ ತಿಂಗಳು ಕ್ಷಮೆ ಕೇಳಿ, ಹಳೇದನ್ನು ಮತ್ತೆ ಮಾರಾಟಕ್ಕಿಟ್ಟಿತು.

ಅದಕ್ಕೂ ಒಂದು ವರ್ಷ ಮೊದಲು, 2020ರ ಡಿಸೆಂಬರಿನಲ್ಲಿ, ಸೈಬರ್‌ಪಂಕ್ 2077 ಬಂತು. ಕಿಯಾನು ರೀವ್ಸ್ ಇದ್ದಾರೆ ಅಂತ ವರ್ಷಗಟ್ಟಲೆ ಪ್ರಚಾರ. ಬಂದ ಒಂದೇ ವಾರದಲ್ಲಿ ಸೋನಿಯವರು ಅದನ್ನು ತಮ್ಮ ಅಂಗಡಿಯಿಂದ ತೆಗೆದು, ಕೊಂಡವರಿಗೆ ದುಡ್ಡು ವಾಪಸ್ ಕೊಡಬೇಕಾಯಿತು. ಆಮೇಲೆ ರಿಪೇರಿ ಮಾಡಿ ಮಾಡಿ ಒಳ್ಳೆಯದೇ ಮಾಡಿದರು, ಇಲ್ಲ ಅನ್ನಲಾರೆ. ಆದರೆ ಸ್ವಾಮೀ, ಡಬ್ಬಿಂಗ್ ಮುಗಿಯದ ಚಿತ್ರವನ್ನು ಯಾರಾದರೂ ಬಿಡುಗಡೆ ಮಾಡುತ್ತಾರೆಯೇ?

ಇನ್ನು ದುಡ್ಡಿನ ಕಥೆ. ಚಿಕ್ಕಂದಿನಲ್ಲಿ ಪೆಟ್ಟಿಗೆ ಅಂಗಡಿಯಲ್ಲಿ ಅದೃಷ್ಟದ ಚೀಟಿ ಹರಿಯುತ್ತಿದ್ದೆವಲ್ಲ, ಈಗ ಗೇಮಿನೊಳಗೇ ಆ ಚೀಟಿ ಮಾರುತ್ತಾರೆ. ದುಡ್ಡು ಕೊಟ್ಟು ಪೆಟ್ಟಿಗೆ ತೆರೆಯಿರಿ, ಒಳಗೇನಿದೆಯೋ ದೇವರಿಗೇ ಗೊತ್ತು. ಬೆಲ್ಜಿಯಂ ದೇಶದವರು 2018ರಲ್ಲಿ ಇದು ಜೂಜೇ ಸರಿ ಅಂದರು. ಎಲ್ಲಕ್ಕಿಂತ ದೊಡ್ಡ ಅನ್ಯಾಯ ಬೇರೆ ಇದೆ. ಯೂಬಿಸಾಫ್ಟ್ ಕಂಪನಿಯ ದಿ ಕ್ರ್ಯೂ ಅನ್ನುವ ಕಾರಿನ ಆಟ 2014ರದ್ದು. 2024ರ ಮಾರ್ಚ್ 31ಕ್ಕೆ ಅದರ ಸರ್ವರ್ ಬಂದ್ ಮಾಡಿದರು. ದುಡ್ಡು ಕೊಟ್ಟು ಕೊಂಡವರು ಒಬ್ಬರೇ ಕೂತು ಆಡೋಣ ಅಂದರೂ ಆಡುವ ಹಾಗಿಲ್ಲ! ಗೇಮುಗಳನ್ನು ಹೀಗೆ ಕೊಲ್ಲಬೇಡಿ ಅಂತ ಯೂರೋಪಿನಲ್ಲಿ ಚಳವಳಿಯೇ ಎದ್ದು, 2025ರ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ನನ್ನ ಹಳದಿ ಕ್ಯಾಸೆಟ್ಟು ಇವತ್ತಿಗೂ ಅಟ್ಟದ ಮೇಲಿದೆ. ಅದನ್ನು ಬಂದ್ ಮಾಡೋಕೆ ಯಾವ ಕಂಪನಿಗೂ ಆಗಲ್ಲ.

ಒಂದು ದೀಪಾವಳಿ

ಇಷ್ಟೆಲ್ಲ ಸಿಟ್ಟು ಯಾಕೆ ಅಂತ ಕೇಳುತ್ತೀರಿ. ಹೇಳುತ್ತೇನೆ.

ನಾನು ಮೊದಲನೇ ಪಿಯುಸಿಗೇ ಕಾಲೇಜು ಬಿಟ್ಟವಳು. ಅಪ್ಪನ ಕಣ್ಣು ಮಂಜಾಯಿತು, ಮಂಡಿಯ ಲೆಕ್ಕ ಕೈ ತಪ್ಪಿತು. ಮನೆಯಲ್ಲಿ ಒಬ್ಬರ ಫೀಸಿಗೆ ಮಾತ್ರ ದಾರಿ ಇತ್ತು. ತಮ್ಮ ಓದಲಿ ಅಂದೆ. ಅವನು ಓದಿದ, ಬೆಂಗಳೂರು ಸೇರಿದ, ರಾತ್ರಿ ಪಾಳಿಯ ಕೆಲಸಕ್ಕೆ ನಿಂತ. ನಾನು ಪುಟಕ್ಕಿಷ್ಟು ಅಂತ ಪತ್ರಿಕೆಗಳಿಗೆ ಬರೆಯುತ್ತಾ ಊರಲ್ಲೇ ಉಳಿದೆ. ಅವನೇನೂ ಮರೆತವನಲ್ಲ. ತಿಂಗಳು ತಿಂಗಳು ದುಡ್ಡು ಕಳಿಸುತ್ತಾನೆ. ಆದರೆ ಫೋನಿನಲ್ಲಿ "ಊಟ ಆಯ್ತಾ?" "ಆಯ್ತು" ಆದ ಮೇಲೆ ನಮಗಿಬ್ಬರಿಗೂ ಮಾತು ಸಿಗುವುದಿಲ್ಲ. ಇಬ್ಬರ ನಡುವೆ ಒಂದು ಉಪಕಾರ ಬಂದು ಕೂತಿದೆ. ಅವನು ಅದರ ಮಾತೆತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

2023ರ ದೀಪಾವಳಿಗೆ ಅವನೇ ಒಂದು ಉಪಾಯ ಮಾಡಿದ. ಸೆಕೆಂಡ್ ಹ್ಯಾಂಡ್ ಪ್ಲೇಸ್ಟೇಷನ್ ಕೊಂಡ, ಎರಡು ರಿಮೋಟು ತಂದ. ನಾನು ಒಂದು ಲೇಖನದ ಸಂಭಾವನೆ ಸೇರಿಸಿದೆ. ಇಬ್ಬರೂ ಕೂಡಿ ಹೊಸದೊಂದು ಯುದ್ಧದ ಗೇಮು ಕೊಂಡೆವು. ಹೆಸರು ಬೇಡ. "ಬಾ ಅಕ್ಕಾ, ಮೊದಲಿನ ಹಾಗೆ ಆಡೋಣ" ಅಂದ. ರೈಲು ಹತ್ತಿ ಅವನ ಬಾಡಿಗೆ ರೂಮಿಗೆ ಹೋದೆ. ಡಬ್ಬಿ ತೆರೆದು ಡಿಸ್ಕು ಹಾಕಿದರೆ, ಮೊದಲು ಇಂಟರ್‌ನೆಟ್ಟಿನಿಂದ ಇನ್ನಷ್ಟು ಇಳಿಸಿಕೊಳ್ಳಿ ಅಂತು. ರಾತ್ರಿಯೆಲ್ಲ ಇಳಿಯಿತು. ಬೆಳಿಗ್ಗೆ ಖಾತೆ ತೆರೆಯಿರಿ ಅಂತು. ತೆರೆದೆವು. ಕೊನೆಗೆ ಎರಡನೇ ರಿಮೋಟು ಜೋಡಿಸಿದರೆ, ಒಂದೇ ಟೀವಿಯಲ್ಲಿ ಇಬ್ಬರು ಆಡುವ ಏರ್ಪಾಡೇ ಅದರಲ್ಲಿಲ್ಲ! ಜೊತೆಗಾರ ಬೇಕಾದರೆ ಅವನಿಗೆ ಬೇರೆ ಟೀವಿ, ಬೇರೆ ಪೆಟ್ಟಿಗೆ, ಬೇರೆ ಗೇಮು.

ತಮ್ಮ ರಿಮೋಟು ಕೆಳಗಿಟ್ಟ. "ಹೋಗ್ಲಿ ಬಿಡಕ್ಕಾ, ನೀನೇ ಆಡು, ನಾನು ನೋಡ್ತೀನಿ" ಅಂದ. ಹದಿನೈದು ನಿಮಿಷ ಆಡಿದೆ. ಯಾರೋ ಹೆಸರಿಲ್ಲದವರು ಎಲ್ಲಿಂದಲೋ ಬಂದು ನನ್ನನ್ನು ಕೊಲ್ಲುತ್ತಿದ್ದರು. ತಿರುಗಿ ನೋಡಿದರೆ ಪಾಳಿ ಮುಗಿಸಿ ಬಂದಿದ್ದ ಹುಡುಗ ಗೋಡೆಗೊರಗಿ ನಿದ್ದೆ ಹೋಗಿದ್ದ. ಎರಡು ದಿನದ ರಜೆ ಹಾಗೇ ಮುಗಿಯಿತು. ನನ್ನ ದುಃಖ ಗೇಮಿನ ದುಡ್ಡಿಗಲ್ಲ, ಓದುಗರೇ. ಮಾತಾಡಲು ನಮಗೊಂದು ನೆಪ ಬೇಕಿತ್ತು. ಆ ನೆಪವನ್ನು ಡಬ್ಬಿಯಿಂದ ತೆಗೆದುಹಾಕಿ ಮಾರಿದ್ದರು.

ನ್ಯಾಯ ಅಂದರೆ ನ್ಯಾಯ

ಇನ್ನೊಂದು ಪಕ್ಷದ ಮಾತನ್ನೂ ಹೇಳಬೇಕು. ಹಳೇ ಗೇಮುಗಳೇನು ಸಾಧು ಸಂತರಲ್ಲ. ಅವುಗಳಲ್ಲಿ ಎಷ್ಟೋ ಆಟಗಳು ಹುಟ್ಟಿದ್ದೇ ನಾಣ್ಯ ಹಾಕಿ ಆಡುವ ಯಂತ್ರದಲ್ಲಿ. ಬೇಗ ಬೇಗ ಸತ್ತರೆ ತಾನೇ ಮತ್ತೊಂದು ನಾಣ್ಯ ಬೀಳೋದು? ಹೊಸದೆಲ್ಲ ಕೆಟ್ಟದ್ದು ಅಂತಲೂ ಅಲ್ಲ. 2020ರ ಲಾಕ್‌ಡೌನಿನಲ್ಲಿ ನಾನು ಇಲ್ಲಿ, ತಮ್ಮ ಅಲ್ಲಿ ಸಿಕ್ಕಿಕೊಂಡಿದ್ದಾಗ ಫೋನಿನ ಪಬ್‌ಜಿಯೇ ನಮ್ಮನ್ನು ದಿನಾ ರಾತ್ರಿ ಮಾತಾಡಿಸಿತು. ಆ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ನಿಷೇಧಿಸಿದ ದಿನ ಇಬ್ಬರೂ ಸಪ್ಪಗಾಗಿದ್ದೆವು.

ಅದಕ್ಕೇ ಅನ್ನುತ್ತೇನೆ, ಜಗಳ ಹಳೇದು ಹೊಸದರದ್ದಲ್ಲ. ಆಡುವವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದೋ, ಆಡುವವರ ಜೇಬನ್ನೋ? ಪ್ರಶ್ನೆ ಅಷ್ಟೆ. ಸಾಕ್ಷಿ ಬೇಕೆ? ಸ್ವೀಡನ್ನಿನಲ್ಲಿ ಜೋಸೆಫ್ ಫಾರೆಸ್ ಅಂತ ಒಬ್ಬರಿದ್ದಾರೆ. ನಮ್ಮವರೇ ಅನ್ನಿ, ಮೊದಲು ಸಿನಿಮಾ ನಿರ್ದೇಶಕರು, ಆಮೇಲೆ ಗೇಮಿಗೆ ಬಂದವರು. 2021ರಲ್ಲಿ ಇಟ್ ಟೇಕ್ಸ್ ಟೂ ಅಂತ ಒಂದು ಆಟ ಮಾಡಿದರು. ಮನಸ್ತಾಪ ಬೆಳೆದ ಗಂಡ ಹೆಂಡತಿಯ ಕಥೆ. ಅದನ್ನು ಒಬ್ಬರೇ ಆಡಲು ಸಾಧ್ಯವೇ ಇಲ್ಲ, ಇಬ್ಬರು ಬೇಕೇ ಬೇಕು! ಒಂದೇ ಟೀವಿ ಸಾಕು, ಪರದೆ ಎರಡು ಭಾಗವಾಗುತ್ತೆ. ದೂರ ಇದ್ದರೂ ಒಬ್ಬರು ಕೊಂಡರೆ ಇನ್ನೊಬ್ಬರು ಪುಕ್ಕಟೆ ಆಡಬಹುದು. ಆ ವರ್ಷದ ಅತ್ಯುತ್ತಮ ಗೇಮ್ ಪ್ರಶಸ್ತಿಯೂ ಅದಕ್ಕೇ ಬಂತು. ದೊಡ್ಡ ದೊಡ್ಡ ಫಿರಂಗಿ ಹಿಡಿದವರೆಲ್ಲ ಪಕ್ಕಕ್ಕೆ ನಿಂತು ಚಪ್ಪಾಳೆ ತಟ್ಟಬೇಕಾಯಿತು.

ಈ ಲೇಖನದ ಸಂಭಾವನೆ ಬಂದರೆ ಅದನ್ನು ಕೊಳ್ಳಬೇಕು ಅಂತಿದ್ದೇನೆ. ತಮ್ಮನಿಗೆ ಹೇಳಿದೆ. "ಗಂಡ ಹೆಂಡತಿ ಆಟ ನಮಗ್ಯಾಕಕ್ಕಾ?" ಅಂತ ನಕ್ಕ. ಆಮೇಲೆ ತಡೆದು, "ಭಾನುವಾರ ನನಗೆ ಪಾಳಿ ಇಲ್ಲ" ಅಂದ. ಆವತ್ತು ಫೋನಿನಲ್ಲಿ ನಾವು ನಲವತ್ತು ನಿಮಿಷ ಮಾತಾಡಿದೆವು.