ನಾಲ್ಕು ಫೋನು, ಒಂದು ಪಾಸ್‌ವರ್ಡು

ಹಡಗಿನಲ್ಲಿ ಪ್ರವಾಸ ಹೋಗಿಬಂದೆವು ಎಂದರೆ ನಮ್ಮ ತಿಪಟೂರಿನಲ್ಲಿ ಮೊದಲು ಕೇಳುವುದು, “ಎಷ್ಟಾಯ್ತು?” ಎರಡನೆಯದು, “ವಾಂತಿ ಆಗಲಿಲ್ವೇನ್ರೀ?” ಎರಡಕ್ಕೂ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಆದರೆ ಬೆಳೆದ ಮಕ್ಕಳಿರುವ ತಾಯಂದಿರು ಕೇಳಲೇಬೇಕಾದ ಮೂರನೆಯ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿಲ್ಲ: “ಮಕ್ಕಳ ಫೋನಿಗೆ ಏನು ಮಾಡಿದಿರಿ?” ಅದಕ್ಕೇ ಈ ಬರಹ.

ಕಳೆದ ದಸರಾ ರಜೆಯಲ್ಲಿ ನಾವು ನಾಲ್ವರು ಮುಂಬಯಿಯಿಂದ ಲಕ್ಷದ್ವೀಪಕ್ಕೆ ಹೋಗಿಬಂದೆವು. ನಾಲ್ಕು ರಾತ್ರಿ, ಐದು ಹಗಲು. ಹೋಗುವಾಗ ಒಂದು ದಿನ, ಬರುವಾಗ ಒಂದು ದಿನ ಸುತ್ತಲೂ ನೀರು ಬಿಟ್ಟರೆ ಬೇರೇನೂ ಇಲ್ಲ. ನಮ್ಮವರದು ಕೊಬ್ಬರಿ ವ್ಯಾಪಾರ. ಮಗಳು ದ್ವಿತೀಯ ಪಿಯುಸಿ, ಮಗ ಒಂಬತ್ತನೇ ತರಗತಿ. ಮನೆಯಲ್ಲಿ ಅತ್ತೆಯವರಿಗೆ ಕಣ್ಣಿನ ಪೊರೆ ತೆಗೆಸಿ ಮೂರು ವಾರವಷ್ಟೇ ಆಗಿತ್ತು. ನಾದಿನಿ ಬಂದು ಜೊತೆಗಿದ್ದರು ಅನ್ನಿ, ಆದರೂ ದಿನಕ್ಕೆ ನಾಲ್ಕು ಸಲ ಹಾಕುವ ಔಷಧಿಯ ಯೋಚನೆ ನನಗೆ ತಪ್ಪಿದ್ದಲ್ಲ. ಹೀಗಾಗಿ ಫೋನು ಬೇಕಾಗಿದ್ದುದು ಮಕ್ಕಳಿಗೆ ಮಾತ್ರ ಅಲ್ಲ, ನನಗೂ ಬೇಕಿತ್ತು. ನಮ್ಮವರಿಗೆ ಮಾರುಕಟ್ಟೆಯ ರೇಟು ತಿಳಿಯದಿದ್ದರೆ ಕಾಫಿಯೇ ಇಳಿಯುವುದಿಲ್ಲ. ಮಕ್ಕಳನ್ನು ಬೈಯುವ ಮೊದಲು ದೊಡ್ಡವರ ಲೆಕ್ಕ ಹಿಡಿಯುವುದು ನ್ಯಾಯ.

ಹೊರಡುವ ಹದಿನೈದು ದಿನ ಮೊದಲೇ ಹಡಗಿನವರಿಗೆ ಫೋನು ಮಾಡಿ ವಿಚಾರಿಸಿದೆ. ಒಂದು ಫೋನಿಗೆ ದಿನಕ್ಕೆ 1,200 ರೂಪಾಯಿ ಎಂದರು. ನಾಲ್ಕು ಫೋನು, ನಾಲ್ಕು ದಿನ, ಅಂದರೆ 19,200 ರೂಪಾಯಿ! ನಮ್ಮ ಮನೆಯ ಬ್ರಾಡ್‌ಬ್ಯಾಂಡಿಗೆ ತಿಂಗಳಿಗೆ 471 ರೂಪಾಯಿ. ಮೂರು ವರ್ಷಕ್ಕೂ ಹೆಚ್ಚು ಕಾಲ ಮನೆಯಲ್ಲಿ ನೋಡುವಷ್ಟು ಇಂಟರ್‌ನೆಟ್ಟಿನ ದುಡ್ಡನ್ನು ನಾಲ್ಕೇ ದಿನದಲ್ಲಿ ಸಮುದ್ರಕ್ಕೆ ಸುರಿಯುವುದೆ?

ಇಷ್ಟೊಂದು ಯಾಕೆ ಎಂದರೆ ಕಾರಣವೂ ಇದೆ. ದಡದ ಟವರುಗಳ ಸಿಗ್ನಲ್ ಸಮುದ್ರದಲ್ಲಿ ಸ್ವಲ್ಪ ದೂರ ಹೋಗಿ ನಿಂತುಬಿಡುತ್ತದೆ. ಆಮೇಲೆ ಹಡಗಿಗೆ ಉಪಗ್ರಹವೇ ಗತಿ. ಹಳೆಯ ಬಗೆಯ ಉಪಗ್ರಹಗಳು ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಮಾತು ಅಲ್ಲಿಯವರೆಗೆ ಹತ್ತಿ ಇಳಿದು ಬರಬೇಕು, ಅದಕ್ಕೇ ನಿಧಾನ. ಈಗೀಗ ಸುಮಾರು 550 ಕಿಲೋಮೀಟರ್ ಎತ್ತರದಲ್ಲೇ ಸುತ್ತುವ ಸಾವಿರಾರು ಸಣ್ಣ ಉಪಗ್ರಹಗಳು ಬಂದಿವೆ. ವಿದೇಶದ ದೊಡ್ಡ ಹಡಗು ಕಂಪನಿಗಳು 2022ರಿಂದ ಈಚೆಗೆ ಅವನ್ನು ಹಾಕಿಸಿಕೊಳ್ಳುತ್ತಿವೆ. ಅಲ್ಲಿ ವೇಗ ಚೆನ್ನಾಗಿದೆಯಂತೆ, ಆದರೆ ಪುಕ್ಕಟೆ ಏನಲ್ಲ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ, ಅದನ್ನು ಬಿಡಿಸಿ ಹೇಳಬೇಕು. ಹಡಗಿನಲ್ಲಿ ವೈಫೈ ಬೇರೆ, ಮೊಬೈಲ್ ಸಿಗ್ನಲ್ ಬೇರೆ. ಎಷ್ಟೋ ಹಡಗುಗಳಲ್ಲಿ ಅದರದೇ ಒಂದು ಪುಟ್ಟ ಟವರ್ ಇರುತ್ತದೆ. ದಡ ಬಿಟ್ಟು ಸಾಕಷ್ಟು ದೂರ ಹೋದ ಮೇಲೆ ಅದನ್ನು ಚಾಲೂ ಮಾಡುತ್ತಾರೆ. ನಮ್ಮ ಫೋನು ಪಾಪ, ಸಿಗ್ನಲ್ ಹುಡುಕುತ್ತಾ ಇರುವ ಪ್ರಾಣಿ, ಸಿಕ್ಕಿದ ತಕ್ಷಣ ಅದಕ್ಕೆ ಅಂಟಿಕೊಳ್ಳುತ್ತದೆ. ಮುಂಬಯಿಯಿಂದ ಲಕ್ಷದ್ವೀಪಕ್ಕೆ, ಅಂದರೆ ನಮ್ಮ ದೇಶದಿಂದ ನಮ್ಮ ದೇಶಕ್ಕೇ ಹೋಗುತ್ತಿದ್ದರೂ ಫೋನ್ ಕಂಪನಿಯ ಲೆಕ್ಕದಲ್ಲಿ ಅದು ಹೊರದೇಶದ ರೋಮಿಂಗಿನ ಹಾಗೆ. ಮುಂಗಡ ದುಡ್ಡು ಹಾಕುವ ಪ್ರೀಪೇಯ್ಡ್ ಆದರೆ ಇದ್ದಷ್ಟು ಕರಗಿ ನಿಂತುಹೋಗುತ್ತದೆ. ತಿಂಗಳ ಕೊನೆಗೆ ಬಿಲ್ಲು ಬರುವ ಪೋಸ್ಟ್‌ಪೇಯ್ಡ್ ಆದರೆ ದೇವರೇ ಕಾಪಾಡಬೇಕು.

ನಮ್ಮ ಊಟದ ಮೇಜಿನಲ್ಲೇ ಹುಬ್ಬಳ್ಳಿ ಕಡೆಯ ಕುಟುಂಬವೊಂದಿತ್ತು. ಹಿಂದೊಮ್ಮೆ ಸಿಂಗಾಪುರದಿಂದ ಹಡಗಿನಲ್ಲಿ ಹೋಗಿದ್ದಾಗ ಅವರ ಮಗ ಫೋನನ್ನು ಮುಟ್ಟಿಯೂ ಇರಲಿಲ್ಲವಂತೆ, ಮಲಗಿ ನಿದ್ದೆ ಮಾಡುತ್ತಿದ್ದನಂತೆ. ದಿನವಿಡೀ ತೆಗೆದ ವಿಡಿಯೋಗಳನ್ನೆಲ್ಲ ಫೋನು ತಾನಾಗಿಯೇ ರಾತ್ರಿ ಮೇಲಕ್ಕೆ ಕಳಿಸುತ್ತಾ ಕೂತಿತ್ತು. “ಮುಂದಿನ ತಿಂಗಳ ಬಿಲ್ ಬಂದಾಗ ನಮ್ಮ ಮನ್ಯಾಗ ಯಾರೂ ಎರಡು ದಿನ ಮಾತಾಡ್ಲಿಲ್ಲ ನೋಡ್ರಿ” ಎಂದರು ಆಕೆ. ಮೊತ್ತ ಎಷ್ಟೆಂದು ನಾನು ಕೇಳಲಿಲ್ಲ. ಅವರ ಯಜಮಾನರ ಮುಖ ನೋಡಿದರೆ ಕೇಳುವ ಹಾಗೂ ಇರಲಿಲ್ಲ.

ಆದ್ದರಿಂದ ಅರಸೀಕೆರೆಯಲ್ಲಿ ರೈಲು ಹತ್ತುವ ಮೊದಲೇ ನಾಲ್ಕು ಫೋನನ್ನೂ ಮುಂದಿಟ್ಟುಕೊಂಡು ಕೂತೆವು. ಅಂತರರಾಷ್ಟ್ರೀಯ ರೋಮಿಂಗ್ ಬಂದ್. ಫೋಟೋ ತಾನಾಗಿ ಮೇಲೆ ಹೋಗುವುದು ಬಂದ್. ಆಪ್‌ಗಳು ತಾವಾಗಿ ಹೊಸದಾಗುವುದು, ವಾಟ್ಸಾಪಿನಲ್ಲಿ ವಿಡಿಯೋ ತಾನಾಗಿ ಇಳಿಯುವುದು, ಎರಡೂ ಬಂದ್. ಹಾಡು, ನಾಲ್ಕು ಸಿನಿಮಾ, ಮಗಳ ಭೌತಶಾಸ್ತ್ರದ ಪಾಠ ಎಲ್ಲವನ್ನೂ ಮನೆಯಲ್ಲೇ ಇಳಿಸಿಕೊಂಡರು. ಹಡಗು ಹತ್ತಿದ ಮೇಲೆ ಎಲ್ಲರದೂ ಏರೋಪ್ಲೇನ್ ಮೋಡ್. ವೈಫೈ ಬೇಕಾದರೆ ಅದೊಂದನ್ನೇ ಮತ್ತೆ ಹಚ್ಚಿಕೊಳ್ಳಬಹುದು. ಇದೆಲ್ಲ ನನಗೆ ಹುಟ್ಟುತ್ತಲೇ ಬಂದ ವಿದ್ಯೆಯಲ್ಲ. ಮಗನೇ ಕಲಿಸಿದ. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಯಿತು ಎಂದು ನಮ್ಮವರು ನಕ್ಕರು. ಆದರೆ ಹುಡುಗನಿಗೆ ಜವಾಬ್ದಾರಿ ಕೊಟ್ಟರೆ ಬಿಗಿಯಾಗಿಯೇ ನಡೆಸುತ್ತಾನೆ. ತಂದೆಯ ಫೋನನ್ನು ಅವನು ಪರೀಕ್ಷಿಸಿದ ರೀತಿ ನೋಡಬೇಕಿತ್ತು!

ಕೊಂಡದ್ದು ಒಂದೇ ಒಂದು ಪ್ಯಾಕೇಜು, 4,800 ರೂಪಾಯಿ. ಇದರಲ್ಲಿ ಒಂದು ಸೂಕ್ಷ್ಮವಿದೆ. ಒಂದು ಹೊತ್ತಿಗೆ ಒಂದೇ ಫೋನು ಎಂಬುದು ನಿಯಮ, ಆದರೆ ಒಂದರಲ್ಲಿ ಹೊರಬಂದು ಇನ್ನೊಂದರಲ್ಲಿ ಒಳಹೋಗಬಹುದು. ಎಲ್ಲ ಹಡಗಿನಲ್ಲೂ ಹೀಗೇ ಇರಬೇಕೆಂದಿಲ್ಲ, ಕೊಳ್ಳುವ ಮೊದಲೇ ಕೇಳಿಕೊಳ್ಳಿ. ಪಾಸ್‌ವರ್ಡು ನನ್ನ ಹತ್ತಿರ. ಬೆಳಿಗ್ಗೆ ಏಳಕ್ಕೆ ಅತ್ತೆಯವರ ಕ್ಷೇಮಸಮಾಚಾರ, ನಂತರ ಹತ್ತು ನಿಮಿಷ ಕೊಬ್ಬರಿ ರೇಟು. ರಾತ್ರಿ ಊಟವಾದ ಮೇಲೆ ಮಕ್ಕಳಿಗೆ ತಲಾ ಇಪ್ಪತ್ತು ನಿಮಿಷ. ಕೊಳಾಯಿ ನೀರಿಗೆ ಸರದಿ ನಿಲ್ಲುತ್ತಿದ್ದ ಕಾಲ ನನಗೆ ಚೆನ್ನಾಗಿ ನೆನಪಿದೆ, ಆದ್ದರಿಂದ ಈ ವ್ಯವಸ್ಥೆ ನನಗೆ ಹೊಸದೇನೂ ಅನ್ನಿಸಲಿಲ್ಲ.

ಹಡಗು ಹತ್ತಿದ ಕೂಡಲೇ ಮಾಡಿದ ಇನ್ನೊಂದು ಕೆಲಸ, ಕೌಂಟರಿಗೆ ಹೋಗಿ ಮಕ್ಕಳ ಕಾರ್ಡಿಗೆ ಮಿತಿ ಹಾಕಿಸಿದ್ದು. ಅಲ್ಲಿ ಯಾರೂ ದುಡ್ಡು ಎಣಿಸುವುದಿಲ್ಲ. ಕೋಣೆಯ ಬೀಗ ತೆರೆಯುವ ಕಾರ್ಡನ್ನೇ ತೋರಿಸಿದರೆ ಷರಬತ್ತು, ವಿಡಿಯೋ ಗೇಮು, ಇಂಟರ್‌ನೆಟ್ಟು ಎಲ್ಲ ಬರುತ್ತದೆ. ಲೆಕ್ಕ ಕೋಣೆಯ ಹೆಸರಿಗೆ ಏರುತ್ತಾ ಹೋಗುತ್ತದೆ. ಫೋನಿನಲ್ಲಿ ‘ಒಪ್ಪಿಗೆ’ ಎಂದು ಒಂದು ಸಲ ಒತ್ತಿದರೆ ಇನ್ನೊಂದು ಪ್ಯಾಕೇಜು ಬಂದೇಬಿಡುತ್ತದೆ. ಮಕ್ಕಳು ಕೆಟ್ಟವರೆಂದಲ್ಲ, ಗುಂಡಿ ಅಷ್ಟು ಸಲೀಸು. ಇಬ್ಬರಿಗೂ ಸೇರಿ ದಿನಕ್ಕೆ 500 ರೂಪಾಯಿ, ಇಂಟರ್‌ನೆಟ್ ಕೊಳ್ಳುವಂತಿಲ್ಲ ಎಂದು ಬರೆಸಿದೆ. ಕೌಂಟರಿನ ಹುಡುಗಿ ಅಚ್ಚರಿಯೇನೂ ಪಡಲಿಲ್ಲ. ದಿನವೂ ಎಷ್ಟು ತಾಯಂದಿರನ್ನು ನೋಡಿರುತ್ತಾಳೋ!

ಸಂಜೆ ಹಡಗು ಹೊರಟಿತು. ಮುಂಬಯಿಯ ದೀಪಗಳು ಸಣ್ಣಗಾಗುತ್ತಿದ್ದಂತೆ ಎಲ್ಲರೂ ಮೇಲಿನ ಅಟ್ಟದಲ್ಲಿ ನಿಂತು ಕೈ ಮೇಲೆತ್ತಿ ಕೊನೆಯ ಸಿಗ್ನಲ್ ಹಿಡಿಯುತ್ತಿದ್ದರು, ಚಂದ್ರನಿಗೆ ಅರ್ಘ್ಯ ಕೊಡುವ ಹಾಗೆ. ಮೊದಲ ರಾತ್ರಿ ಮಕ್ಕಳು ಚಡಪಡಿಸಿದರು. ಎರಡನೆಯ ದಿನ ಇಡೀ ಸಮುದ್ರ. ಮಗನಿಗೆ ಒಂದು ಆಟ ಸಿಕ್ಕಿತು. ಮ್ಯಾಪಿನಲ್ಲಿ ಕರಾವಳಿಯ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದ. ನಾವೆಲ್ಲಿದ್ದೇವೆ ಎಂದು ತೋರಿಸುವುದಕ್ಕೆ ಫೋನಿಗೆ ಇಂಟರ್‌ನೆಟ್ಟೇ ಬೇಡವಂತೆ, ಆಕಾಶ ಕಂಡರೆ ಸಾಕಂತೆ. ನೀಲಿ ಚುಕ್ಕೆಯೊಂದು ನೀಲಿ ನೀರಿನ ಮೇಲೆ ಇರುವೆಯ ಹಾಗೆ ತೆವಳುತ್ತಿತ್ತು. “ಅಮ್ಮ, ಈಗ ಕಾರವಾರದ ನೇರಕ್ಕೆ ಬಂದ್ವಿ” ಎಂದ ತಿಂಡಿ ಮುಗಿಸುವ ಹೊತ್ತಿಗೆ. ಮಧ್ಯಾಹ್ನ ಭಟ್ಕಳ, ಸಂಜೆ ಮಂಗಳೂರು. ದಡ ನೂರೈವತ್ತು ಕಿಲೋಮೀಟರ್ ದೂರ, ಕಣ್ಣಿಗೆ ಏನೂ ಕಾಣದು. ಆದರೂ ನಮ್ಮ ಸುತ್ತ ಹತ್ತಾರು ಜನ ಸೇರಿ “ಈಗೆಲ್ಲಪ್ಪಾ?” ಎಂದು ಕೇಳತೊಡಗಿದರು. ಹುಡುಗ ಕ್ಯಾಪ್ಟನ್ನನ ಗತ್ತಿನಲ್ಲಿ ಉತ್ತರ ಕೊಡುತ್ತಿದ್ದ.

ಕಷ್ಟವಾದದ್ದು ಮಗಳದು. ಮೊದಲ ರಾತ್ರಿ ಹಡಗಿನ ವೈಫೈ ಬಿಟ್ಟು ಬಿಟ್ಟು ಹೋಗಿ ಅವಳ ಸರದಿ ಪೂರಾ ಹಾಳಾಗಿತ್ತು. ಎರಡನೆಯ ದಿನ ಮಧ್ಯಾಹ್ನ ಊಟ ಬಿಟ್ಟು ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಸಮುದ್ರದ ತಲೆಸುತ್ತೇನೋ ಎಂದು ನಿಂಬೆಹಣ್ಣು ಹಿಡಿದುಕೊಂಡು ಹೋದೆ. ಅದಲ್ಲ. ಸ್ನೇಹಿತೆಯೊಬ್ಬಳ ಜೊತೆ ದಿನಕ್ಕೊಂದು ಚಿತ್ರ ಕಳಿಸುವ ಪದ್ಧತಿಯಂತೆ. ಇಪ್ಪತ್ತನಾಲ್ಕು ಗಂಟೆಯೊಳಗೆ ಇಬ್ಬರೂ ಕಳಿಸದಿದ್ದರೆ ಎಣಿಕೆ ಸೊನ್ನೆಯಾಗುತ್ತದಂತೆ. 412 ದಿನ ಆಗಿತ್ತಂತೆ. ಕೇಳಿದವರಿಗೆ ನಗು ಬರುವಂಥ ವಿಷಯವೇ. ಆದರೆ ಮನೆಯಲ್ಲಿ ನಂದಾದೀಪ ಆರದಂತೆ ನೋಡಿಕೊಳ್ಳುವ ನಾವು ನಗುವುದಕ್ಕೆ ಮೊದಲು ಸ್ವಲ್ಪ ತಡೆಯಬೇಕು. “ಅದರಲ್ಲಿ ಏನಿದೆ ಪುಟ್ಟಿ, ನನಗೆ ಹೇಳು” ಎಂದೆ.

ಸುಮಾರು ಹೊತ್ತಾದ ಮೇಲೆ ಬಾಯಿ ಬಿಟ್ಟಳು. ಆ ಹುಡುಗಿಯ ತಂದೆ ಕಳೆದ ವರ್ಷ ತೀರಿಕೊಂಡಿದ್ದರು. ನಮಗೂ ಗೊತ್ತಿದ್ದವರೇ. ಹದಿಮೂರನೇ ದಿನದ ಕಾರ್ಯ ಮುಗಿದ ಮರುದಿನದಿಂದ ಇವಳು ಶುರು ಮಾಡಿದ್ದಂತೆ. “ದಿನಾ ಏನಾದ್ರೂ ಒಂದು ಕಳಿಸ್ತೀನಮ್ಮ. ಚಪ್ಪಲಿ ಫೋಟೋ ಆದ್ರೂ ಸರಿ. ಒಂದು ದಿನ ಬಿಟ್ರೂ ನೀನೂ ಮರೆತುಬಿಟ್ಯಾ ಅಂತಾಳೆ.” ಹದಿನೇಳು ವರ್ಷದ ಹುಡುಗಿ ಇಷ್ಟು ದಿನ ಇದನ್ನು ಹೊತ್ತುಕೊಂಡಿದ್ದಾಳೆ, ನಾವು ‘ಸದಾ ಫೋನು, ಸದಾ ಫೋನು’ ಎಂಬ ಒಂದೇ ಮಾತಿನ ಕೆಳಗೆ ಎಲ್ಲವನ್ನೂ ಸೇರಿಸಿ ಕೂಗಾಡುತ್ತಿರುತ್ತೇವೆ. ಅದು ಆಟವೋ, ಹರಟೆಯೋ, ಆಸರೆಯೋ ಎಂದು ಬಿಡಿಸಿ ಕೇಳಿದರೆ ಮಕ್ಕಳು ಹೇಳುತ್ತಾರೆ. ಗದರಿಸಿ ಕೇಳಿದರೆ ಮಾತ್ರ ಹೇಳುವುದಿಲ್ಲ.

ಪಾಸ್‌ವರ್ಡು ಅವಳ ಕೈಗೆ ಕೊಟ್ಟೆ. ಐದು ನಿಮಿಷದ ಕೆಲಸ. ಕಿಟಕಿಯಾಚೆಯ ನೀರಿನದೊಂದು ಚಿತ್ರ ಕಳಿಸಿದಳು, ಆ ಕಡೆಯಿಂದ ಸಾರಿನ ಪಾತ್ರೆಯದು ಬಂತು. ಆಮೇಲೆ ತಾನಾಗಿಯೇ ಊಟಕ್ಕೆ ಬಂದು ಎರಡು ಸಲ ಅನ್ನ ಹಾಕಿಸಿಕೊಂಡಳು. ಅವಳ ಸರದಿಯನ್ನು ಮಧ್ಯಾಹ್ನಕ್ಕೇ ಬದಲಾಯಿಸಿದೆವು. ಆ ಹೊತ್ತಿನಲ್ಲಿ ಜನ ಮಲಗಿರುವುದರಿಂದ ವೈಫೈಯೂ ಚುರುಕು.

ಮೂರನೆಯ ದಿನ ಬೆಳಿಗ್ಗೆ ಅಗತ್ತಿ ದ್ವೀಪ. ಹಡಗು ದೂರದಲ್ಲೇ ನಿಲ್ಲುತ್ತದೆ, ಸಣ್ಣ ದೋಣಿಯಲ್ಲಿ ಇಳಿಸುತ್ತಾರೆ. ಲಕ್ಷದ್ವೀಪಕ್ಕೆ ಹೋಗಲು ನಮಗೂ ಪರವಾನಗಿ ಬೇಕು, ಅದನ್ನು ಹಡಗಿನವರೇ ಮಾಡಿಸಿದ್ದರು. ಆ ನೀರಿನ ಬಣ್ಣವನ್ನು ನಾನು ವರ್ಣಿಸಲಾರೆ. ನನ್ನ ಮದುವೆಯ ಸೀರೆಯೊಂದರ ಅಂಚು ಆ ಬಣ್ಣದ್ದಿತ್ತು ಎಂದಷ್ಟೇ ಹೇಳಬಲ್ಲೆ. ಎಲ್ಲೆಲ್ಲೂ ತೆಂಗಿನಮರ. ನಮ್ಮವರು ಸಮುದ್ರವನ್ನು ನೋಡುವುದು ಬಿಟ್ಟು ತೆಂಗಿನಕಾಯಿ ತಟ್ಟಿ ನೋಡುತ್ತಾ ನಿಂತರು. ಅಲ್ಲಿಯ ಕಾಯಿ ಚಿಕ್ಕದು, ಎಣ್ಣೆ ಹೆಚ್ಚು.

ದೋಣಿಕಟ್ಟೆಯಲ್ಲಿ ನಮ್ಮ ಫೋನುಗಳೆಲ್ಲ ಒಟ್ಟಿಗೆ ಟಣ್ ಟಣ್ ಎಂದವು. ಇಲ್ಲಿಗೆ ಇಂಟರ್‌ನೆಟ್ ಹೇಗೆ ಎಂದು ಮಗ ಅಲ್ಲಿಯ ಕಾಲೇಜು ಹುಡುಗನೊಬ್ಬನನ್ನು ಕೇಳಿದ. ಕೊಚ್ಚಿಯಿಂದ ಸಮುದ್ರದ ತಳದಲ್ಲಿ ತಂತಿ ಎಳೆದಿದ್ದಾರೆ, 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು, ಹನ್ನೊಂದು ದ್ವೀಪಗಳಿಗೆ ಬಂದಿದೆ. ಅದಕ್ಕೆ ಮೊದಲು ಇವರಿಗೂ ಉಪಗ್ರಹವೇ ಗತಿ. ಕೊರೋನಾ ಕಾಲದಲ್ಲಿ ಆನ್‌ಲೈನ್ ಪಾಠ ಕೇಳಲು ಸಿಗ್ನಲ್ ಇರುವ ಜಾಗ ಹುಡುಕಿಕೊಂಡು ನಡೆಯುತ್ತಿದ್ದೆವು ಎಂದ ಆ ಹುಡುಗ. ನಾಲ್ಕು ದಿನಕ್ಕೆ ಚಡಪಡಿಸಿದ ನಮ್ಮ ಮಕ್ಕಳು ಅದನ್ನು ಕೇಳಿ ಸುಮ್ಮನಿದ್ದರು. ನಾನೂ ಏನೂ ಸೇರಿಸಲಿಲ್ಲ, ಉಪದೇಶಕ್ಕೆ ಅದು ಜಾಗವಲ್ಲ.

ಇನ್ನೊಂದು ಸಂಗತಿ ನಮ್ಮವರು ಹೇಳಿದ್ದು. ಈ ದ್ವೀಪಗಳಲ್ಲಿ ಉತ್ತರದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಇವೆಲ್ಲ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಹಾಯಿ ಕಟ್ಟಿದ ಓಡಗಳಲ್ಲಿ ತೆಂಗಿನ ನಾರು ಮಂಗಳೂರಿಗೆ ಬಂದು, ಅಲ್ಲಿಂದ ಅಕ್ಕಿ ಹೋಗುತ್ತಿತ್ತಂತೆ. ಆ ದೋಣಿ ಹತ್ತಿ ಹೋದ ಗಂಡನ ಸುದ್ದಿಗೆ ಹೆಂಡತಿ ಎಷ್ಟು ದಿನ ಕಾಯುತ್ತಿದ್ದಳೋ, ಯಾವ ವೈಫೈ ಇತ್ತು ಅವಳಿಗೆ!

ಐದನೆಯ ದಿನ ಬೆಳಿಗ್ಗೆ ಬಾಗಿಲ ಸಂದಿನಿಂದ ಬಿಲ್ಲು ಬಂತು. ಇಂಟರ್‌ನೆಟ್ 4,800. ಮಕ್ಕಳದು ನಿಂಬೆ ಷರಬತ್ತು, ವಿಡಿಯೋ ಗೇಮು ಸೇರಿ 1,140. ಮಗಳು ಆ ಸ್ನೇಹಿತೆಗೆಂದು ಕೊಂಡ ಚಿಪ್ಪಿನ ಬಳೆ 260. ಮುಂದಿನ ತಿಂಗಳು ನಮ್ಮವರ ಫೋನಿನ ಬಿಲ್ಲು ಎಂದಿನಷ್ಟೇ ಬಂದಿತು, ಮಗ ಅದನ್ನು ತೋರಿಸಿ ಹಠ ಮಾಡಿ ಒಂದು ಐಸ್‌ಕ್ರೀಮ್ ಗಿಟ್ಟಿಸಿಕೊಂಡ. ಅತ್ತೆಯವರ ಕಣ್ಣು ಈಗ ಚೆನ್ನಾಗಿದೆ. ಮುಂದಿನ ಸಲ ತಾವೂ ಬರುತ್ತಾರಂತೆ, ಆದರೆ ಸಂಜೆ ಏಳರಿಂದ ಏಳೂವರೆ ತಮಗೆ ಎಂದು ಈಗಲೇ ಹೇಳಿಟ್ಟಿದ್ದಾರೆ. ಸೀರಿಯಲ್ ಇದೆಯಂತೆ.